ಬೇಲಿಯಲ್ಲಿ ಹುಟ್ಟಿದ ಗಂಧದ ಗಿಡ ಯಾರದ್ದು?

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಅಡುಗೆ ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಎಪಿಸೋಡ್ ನಮ್ಮ ಅಜ್ಜನ ಹೊಲದ ಬೇಲಿಯಿಂದ ಶುರುವಾಗುತ್ತೆ.

ಅಮ್ಮನ ತವರು ತರೀಕೆರೆ ಕಡೆ. ನಾನು ಚಿಕ್ಕವಳಿದ್ದಾಗ ರಜೆಗೆ ಹೋದ್ರೆ ಅಜ್ಜನ ಜೊತೆ ಹೊಲ ಸುತ್ತೋದು ಅಭ್ಯಾಸ. ಅಜ್ಜ ನಡೀತಾ ನಡೀತಾ ಬೇಲಿ ಸಾಲಲ್ಲಿ ಬಗ್ಗಿ, ಒಂದು ಪುಟ್ಟ ಗಿಡ ಹುಡುಕಿ, ಬೇರು ಸಮೇತ ಕಿತ್ತು ಎಸೀತಿದ್ರು. ಕಳೆ ಇರಬೇಕು ಅಂದ್ಕೊಂಡಿದ್ದೆ. ಒಂದು ಸಲ ಕೇಳಿದೆ. "ಗಂಧದ ಗಿಡ ಕಣಮ್ಮ" ಅಂದ್ರು.

ನನಗೆ ಶಾಕ್. ಗಂಧ ಅಂದ್ರೆ ದುಡ್ಡಲ್ವಾ? ಅದನ್ಯಾಕೆ ಕೀಳ್ತೀರಾ? ಅಜ್ಜ ನಕ್ಕು ಹೇಳಿದ್ರು: "ಗಿಡ ನಮ್ಮದಲ್ಲ, ಕೇಸು ಮಾತ್ರ ನಮ್ಮದು."

ಅಮ್ಮ ಆಮೇಲೆ ಪೂರ್ತಿ ಕಥೆ ಹೇಳಿದ್ರು. ಅವರು ಹೈಸ್ಕೂಲಲ್ಲಿದ್ದಾಗ ಆ ಬೇಲಿಯಲ್ಲಿ ಒಂದು ಗಂಧದ ಮರ ತಾನಾಗೇ ಬೆಳೆದು ದಪ್ಪ ಆಗಿತ್ತು. ಒಂದು ರಾತ್ರಿ ಯಾರೋ ಕಡ್ಕೊಂಡು ಹೋದ್ರು. ಬೆಳಗ್ಗೆ ಉಳಿದಿದ್ದು ಬುಡ ಮಾತ್ರ. ಕಳ್ಳ ಸಿಗಲಿಲ್ಲ. ಆದ್ರೆ ತಿಂಗಳುಗಟ್ಟಲೆ ಆಫೀಸಿಗೆ ಅಲೆದಿದ್ದು, ಹೇಳಿಕೆ ಕೊಟ್ಟಿದ್ದು, "ನಿನ್ನ ಜಮೀನಲ್ಲಿ ನಿನಗೆ ಗೊತ್ತಿಲ್ದೆ ಹೇಗೆ ಹೋಯ್ತು" ಅಂತ ಬೈಸ್ಕೊಂಡಿದ್ದು ಅಜ್ಜ. ಅವತ್ತಿಂದ ಆ ಬೇಲಿಯಲ್ಲಿ ಗಂಧ ಎರಡು ಎಲೆಗಿಂತ ಮೇಲೆ ಬೆಳೀಲಿಲ್ಲ.

ನಾನು ಓದಿದ್ದು ಬಿ.ಕಾಂ. ಬ್ಯಾಲೆನ್ಸ್ ಶೀಟಲ್ಲಿ ಎರಡು ಕಡೆ ಇರುತ್ತೆ, ಆಸ್ತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ. ಒಂದೇ ಮರ ಸರ್ಕಾರದ ಪುಸ್ತಕದಲ್ಲಿ ಆಸ್ತಿ, ಅಜ್ಜನ ಪುಸ್ತಕದಲ್ಲಿ ಹೊಣೆ. ಇದು ಹೇಗಾಯ್ತು ಅನ್ನೋದೇ ಇವತ್ತಿನ ಕಥೆ.

ರಾಜನ ಮರ

1792ಕ್ಕೆ ಹೋಗೋಣ. ಮೂರನೇ ಮೈಸೂರು ಯುದ್ಧ ಮುಗಿದಿದೆ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ತೀರೋವರೆಗೂ ಇಬ್ಬರು ಮಕ್ಕಳು ಒತ್ತೆ. ಶ್ರೀಗಂಧವನ್ನ ರಾಜವೃಕ್ಷ ಅಂತ ಟಿಪ್ಪು ಘೋಷಿಸಿದ್ದು ಇದೇ ವರ್ಷ ಅಂತ ಇತಿಹಾಸ ಬರೆದವರು ಹೇಳ್ತಾರೆ. ಅಂದ್ರೆ ಮರ ಕಾಡಲ್ಲಿರಲಿ, ಹೊಲದಲ್ಲಿರಲಿ, ಹಿತ್ತಲಲ್ಲಿರಲಿ, ಅದು ರಾಜ್ಯದ ಸ್ವತ್ತು.

1799ರಲ್ಲಿ ಟಿಪ್ಪು ಹೋದ್ರು, ಸಿಂಹಾಸನ ಒಡೆಯರಿಗೆ ವಾಪಸ್ ಬಂತು. ನಡುವೆ ಸುಮಾರು 50 ವರ್ಷ ಬ್ರಿಟಿಷ್ ಕಮಿಷನರ್‌ಗಳ ಆಡಳಿತ, ಮತ್ತೆ ಒಡೆಯರು, ಆಮೇಲೆ ಸ್ವತಂತ್ರ ಭಾರತ. ಟಿಪ್ಪು ಕಾಲದ ಎಷ್ಟೋ ನಿಯಮಗಳನ್ನ ಬಂದವರು ಅಳಿಸಿದ್ರು. ಇದೊಂದನ್ನ ಮಾತ್ರ ಯಾರೂ ಮುಟ್ಟಲಿಲ್ಲ. ದುಡ್ಡು ತರೋ ನಿಯಮವನ್ನ ಯಾವ ಸರ್ಕಾರ ತಾನೇ ಬಿಡುತ್ತೆ?

ವ್ಯವಸ್ಥೆ ಹೀಗಿತ್ತು. ಗಂಧದ ಮರವನ್ನ ಬುಡಕ್ಕೆ ಕಡಿಯಲ್ಲ, ಬೇರು ಸಮೇತ ಕೀಳ್ತಾರೆ, ಯಾಕಂದ್ರೆ ಎಣ್ಣೆ ಬೇರಲ್ಲೂ ತುಂಬಿರುತ್ತೆ. ಕಿತ್ತ ಮರ ಸರ್ಕಾರಿ ಗಂಧದ ಕೋಠಿಗೆ ಹೋಗುತ್ತೆ. ಅಲ್ಲಿ ಮೇಲಿನ ಬಿಳಿ ಮರ ಕೆತ್ತಿ ತೆಗೆದು, ಒಳಗಿನ ಚೇಗು ಬಿಡಿಸಿ, ದರ್ಜೆ ಮಾಡ್ತಾರೆ. ಒಟ್ಟು 18 ದರ್ಜೆ. ಮೊದಲನೇ ದರ್ಜೆಯ ಕೊರಡಿಗೆ 'ವಿಲಾಯತ್ ಬುದ್ಧ' ಅಂತ ಹೆಸರು, ಎರಡನೆಯದಕ್ಕೆ 'ಚೈನಾ ಬುದ್ಧ'. ಈ ವ್ಯಾಪಾರ ಎಲ್ಲಿವರೆಗೆ ಕೈ ಚಾಚಿತ್ತು ಅಂತ ಹೆಸರಲ್ಲೇ ಗೊತ್ತಾಗುತ್ತೆ. ಕೊನೆಯ ದರ್ಜೆಗಳು ಚಕ್ಕೆ, ಪುಡಿ, ಗರಗಸದ ಹೊಟ್ಟು. ಏನೂ ಬಿಸಾಕೋ ಹಾಗಿಲ್ಲ, ಎಲ್ಲದಕ್ಕೂ ಬೆಲೆ ಇದೆ.

ಜಮೀನಿನವನಿಗೆ ಏನೂ ಕೊಡ್ತಿರಲಿಲ್ಲ ಅಂತಲ್ಲ. ಬೆಲೆಯಲ್ಲಿ ಒಂದು ಪಾಲು ಕೊಡೋ ಪದ್ಧತಿ ಇತ್ತು. ಆದ್ರೆ ಯಾವಾಗ ಕೀಳಬೇಕು, ಯಾವ ದರ್ಜೆ, ಎಷ್ಟು ತೂಕ, ಎಷ್ಟು ದರ, ಎಲ್ಲ ತೀರ್ಮಾನ ಆ ಕಡೆಯವರದ್ದು. ಕಾಲೇಜಲ್ಲಿ ಇದಕ್ಕೆ ಮೊನಾಪ್ಸನಿ ಅಂತ ಹೇಳಿಕೊಟ್ಟಿದ್ರು. ಮೊನಾಪಲಿ ಅಂದ್ರೆ ಮಾರೋನು ಒಬ್ಬನೇ. ಮೊನಾಪ್ಸನಿ ಅಂದ್ರೆ ಕೊಳ್ಳೋನು ಒಬ್ಬನೇ. ಊರಲ್ಲಿ ಅಡಿಕೆ ಕೊಳ್ಳೋಕೆ ಒಬ್ಬನೇ ಸಾಹುಕಾರ ಇದ್ದು, ತಕ್ಕಡೀನೂ ಅವನದ್ದೇ ಆದ್ರೆ ಏನಾಗುತ್ತೋ, ಅದು.

ಯುದ್ಧ, ಎಣ್ಣೆ, ಸೋಪು

ಈಗ ಕಥೆಯ ಇನ್ನೊಂದು ಮುಖ ಹೇಳದಿದ್ರೆ ಅನ್ಯಾಯ ಆಗುತ್ತೆ. ಈ ಏಕಸ್ವಾಮ್ಯ ಬರೀ ಕಸಿದುಕೊಳ್ಳಲಿಲ್ಲ, ಕಟ್ಟಿತು ಕೂಡ.

1914ರವರೆಗೆ ಮೈಸೂರಿನ ಗಂಧ ಹರಾಜಾಗಿ ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೀತಿದ್ದೋರು ಅವರು. ಮೊದಲ ಮಹಾಯುದ್ಧ ಶುರುವಾಯ್ತು, ಹಡಗು ನಿಂತವು, ಕೋಠಿಗಳಲ್ಲಿ ಮಾಲು ಬಿದ್ದುಕೊಳ್ತು. ಆಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ವಿಶ್ವೇಶ್ವರಯ್ಯ. ಮರ ಮಾರೋ ಬದಲು ಎಣ್ಣೇನೇ ಯಾಕೆ ಮಾರಬಾರದು ಅನ್ನೋ ಯೋಚನೆ ಬಂತು. ಆಲ್ಫ್ರೆಡ್ ಚಾಟರ್ಟನ್ ಅನ್ನೋ ಅಧಿಕಾರಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಅನ್ನೋ ವಿಜ್ಞಾನಿಗಳು ಸೇರ್ಕೊಂಡ್ರು. 1916ರಲ್ಲಿ ಬೆಂಗಳೂರಲ್ಲಿ ಎಣ್ಣೆ ಇಳಿಸೋಕೆ ಶುರು ಮಾಡಿದ್ರು, ಆಮೇಲೆ ಮೈಸೂರಲ್ಲಿ ದೊಡ್ಡ ಕಾರ್ಖಾನೆ ಬಂತು. ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿ ಕೈಯಲ್ಲಿ ಮೈಸೂರ್ ಸ್ಯಾಂಡಲ್ ಸೋಪು ತಯಾರಾಯ್ತು. 1918ರಿಂದ ಇವತ್ತಿನವರೆಗೂ ನಮ್ಮ ಬಚ್ಚಲುಮನೇಲಿ ಇದೆ. ಆನೆ ತಲೆ, ಸಿಂಹದ ಮೈ ಇರೋ ಶರಭದ ಗುರುತು ನೋಡಿರ್ತೀರಲ್ಲ, ಅದೇ.

ಕಚ್ಚಾ ಮಾಲಿನ ರಾಜ್ಯ ತಯಾರಿಸಿದ ಮಾಲಿನ ರಾಜ್ಯ ಆಯ್ತು. ಕಾಮರ್ಸ್ ಓದಿದವಳಾಗಿ ನನಗೆ ಇದು ಹೆಮ್ಮೆಯ ಕಥೆನೇ. ಆದ್ರೆ ಕಾರ್ಖಾನೆಗೆ ಬೇಕಾದ ಮರ ಎಲ್ಲಿಂದ ಬರಬೇಕು? ಕಾಡಿಂದ, ಮತ್ತೆ ರೈತರ ಜಮೀನಿಂದ. ಸೋಪಿನ ಮೇಲೆ ಮೈಸೂರಿನ ಹೆಸರು ಬಂತು, ಅಜ್ಜನಂಥವರ ಲೆಕ್ಕ ಹಾಗೇ ಉಳೀತು.

ಮರ ಸರ್ಕಾರದ್ದು, ಕಾವಲು ನಿನ್ನದು

1963ರಲ್ಲಿ ಅರಣ್ಯ ಕಾಯ್ದೆ ಬಂತು. ಅದರಲ್ಲೂ ಶ್ರೀಗಂಧ ಸರ್ಕಾರದ್ದೇ. ಜಮೀನಲ್ಲಿರೋ ಮರ ಕಾಪಾಡೋ ಜವಾಬ್ದಾರಿ ಮಾತ್ರ ಜಮೀನಿನವನದ್ದು. ಕಳ್ಳತನ ಆದ್ರೆ ಉತ್ತರ ಕೊಡಬೇಕಾದವನು ಅವನು. ಅಜ್ಜ ಹೇಳಿದ್ದು ಇದನ್ನೇ.

ಹೀಗಿದ್ದಾಗ ಬುದ್ಧಿ ಇರೋ ರೈತ ಏನು ಮಾಡ್ತಾನೆ? ಗಂಧದ ಹಣ್ಣನ್ನ ಹಕ್ಕಿಗಳು ತಿಂದು ಬೀಜ ಉದುರಿಸ್ತವೆ. ಬೇಲಿ, ಬದು, ಪೊದೆ, ಎಲ್ಲಿ ಹಕ್ಕಿ ಕೂರುತ್ತೋ ಅಲ್ಲಿ ಗಿಡ. ಬೀಜ ಕೊಳ್ಳಬೇಕಿಲ್ಲ, ನೀರು ಹಾಕಬೇಕಿಲ್ಲ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸ್ಕೊಂಡು ಅರ್ಧ ಊಟ ಅಲ್ಲೇ ಮಾಡೋ ಮರ ಅದು. ಪುಕ್ಕಟೆ ಬರೋ ಇಂಥ ಮರವನ್ನ ರೈತ ಕಿತ್ತು ಎಸೆದ. ಯಾರೂ ನೆಡಲಂತೂ ಇಲ್ಲ. ಕಾನೂನು ಮರ ಉಳಿಸೋಕೆ ಬಂದಿದ್ದು. ಹೊಲದಲ್ಲಿ ಅದು ಮಾಡಿದ್ದು ಉಲ್ಟಾ.

ಕಾಡಲ್ಲಾದ್ರೂ ಚೆನ್ನಾಗಿತ್ತಾ? ಅಲ್ಲೂ ಇಲ್ಲ. 1899ರಲ್ಲೇ ಕೊಡಗಲ್ಲಿ ಸ್ಪೈಕ್ ರೋಗ ಕಾಣಿಸ್ಕೊಂಡಿತ್ತು. ಎಲೆ ಸಣ್ಣದಾಗಿ, ಕೊಂಬೆ ಮುಳ್ಳಿನ ಕಡ್ಡಿ ಥರ ಆಗಿ ಮರ ಸಾಯುತ್ತೆ. ಏನಂತ ಕಂಡುಹಿಡಿಯೋಕೇ 1969 ಆಯ್ತು, ಔಷಧಿ ಇವತ್ತಿಗೂ ಇಲ್ಲ. ಬೆಂಕಿ, ಮೇವು ಎಲ್ಲ ಸೇರ್ಕೊಂಡವು. ಎಲ್ಲಕ್ಕಿಂತ ದೊಡ್ಡದು ಕಳ್ಳಸಾಗಣೆ. ಕಾನೂನಾಗಿ ಕೊಳ್ಳೋನು ಒಬ್ಬನೇ ಇದ್ದು, ಹೊರಗೆ ಬೆಲೆ ಏರ್ತಾನೇ ಹೋದ್ರೆ, ನಡುವಿನ ಲಾಭಕ್ಕೆ ಯಾರಾದ್ರೂ ಬಂದೇ ಬರ್ತಾರೆ. ಆ ಲಾಭದ ಅತಿ ಭಯಾನಕ ಮುಖ ವೀರಪ್ಪನ್. 1973ರಲ್ಲಿ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಕಾಡು ಕಾಪಾಡಿದ ರಾಜ್‌ಕುಮಾರ್ ಅವರನ್ನೇ 2000ದಲ್ಲಿ ಅವನು ಅಪಹರಿಸಿ 108 ದಿನ ಕಾಡಲ್ಲಿಟ್ಟ. ನಾನಾಗ ಕೂಸು. ಆದ್ರೆ ಆ ದಿನಗಳ ಬೆಂಗಳೂರಿನ ಮೌನದ ಬಗ್ಗೆ ಅಪ್ಪ ಈಗಲೂ ಹೇಳ್ತಾರೆ.

20ನೇ ಶತಮಾನದ ನಡುವಿನವರೆಗೂ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಚೇಗು ಸಿಗ್ತಿತ್ತು ಅಂತ ಅಧ್ಯಯನಗಳು ಲೆಕ್ಕ ಹಾಕಿವೆ. ಶತಮಾನ ಮುಗಿಯೋ ಹೊತ್ತಿಗೆ ಅದು ಎಷ್ಟೋ ಕೆಳಗೆ ಬಿದ್ದಿತ್ತು. 1998ರಲ್ಲಿ ಶ್ರೀಗಂಧ ಅಪಾಯದಲ್ಲಿರೋ ಮರಗಳ ಅಂತಾರಾಷ್ಟ್ರೀಯ ಪಟ್ಟಿ ಸೇರಿತು.

ಹೋಲಿಕೆಗೆ ಇನ್ನೊಂದು ಮರ ನೋಡಿ, ಸಿಲ್ವರ್ ಓಕ್. ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಟ್ರಿಪ್ ಹೋದಾಗ ನೆಟ್ಟಗೆ ಕಂಬದ ಥರ ನಿಂತಿರುತ್ತಲ್ಲ, ಅದು. ಊರು ಆಸ್ಟ್ರೇಲಿಯಾ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯೋಕೆ ಪರವಾನಗಿ ಬೇಡದ ಮರಗಳ ಪಟ್ಟೀಲಿ ಸಿಲ್ವರ್ ಓಕ್ ಇದೆ. ಬೀಟೆ, ಹಲಸು, ಮತ್ತಿ ಕಡಿಯೋಕೆ ಆಫೀಸು ಸುತ್ತಬೇಕು. ಸಿಲ್ವರ್ ಓಕ್ ಬೆಳೆದ್ರೆ ವ್ಯಾಪಾರಿಗೆ ಫೋನ್ ಮಾಡಿದ್ರೆ ಸಾಕು. ಬೆಳೆಗಾರ ಯಾವುದನ್ನ ನೆಡ್ತಾನೆ? ಉತ್ತರ ತೋಟದಲ್ಲೇ ನಿಂತಿದೆ.

2001: ಅರ್ಧ ಬಾಗಿಲು

ಕೊನೆಗೂ 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯ್ತು. ಜಮೀನಲ್ಲಿರೋ ಶ್ರೀಗಂಧದ ಮರದ ಹಕ್ಕು ಜಮೀನಿನವನದ್ದು. ಮರುವರ್ಷ ತಮಿಳುನಾಡು ಕೂಡ ಅದೇ ದಾರಿ ಹಿಡೀತು. 1792ರಿಂದ ಲೆಕ್ಕ ಹಾಕಿದ್ರೆ 209 ವರ್ಷ.

ಆದ್ರೆ ಮರ ನಿನ್ನದು ಅಂದಮೇಲೆ ಮಾರೋದು ಯಾರಿಗೆ? ಅರಣ್ಯ ಇಲಾಖೆಗೆ, ಇಲ್ಲಾ ಸರ್ಕಾರದ ಸೋಪಿನ ಕಂಪನಿಗೆ, ಇಲ್ಲಾ ಕರಕುಶಲ ನಿಗಮಕ್ಕೆ. ಒಬ್ಬ ಸಾಹುಕಾರ ಇದ್ದ ಜಾಗದಲ್ಲಿ ಮೂವರು, ಮೂವರೂ ಒಂದೇ ಮನೆಯವರು. 2022ರಲ್ಲಿ ರಾಜ್ಯ ಸರ್ಕಾರ ಶ್ರೀಗಂಧಕ್ಕೆ ಅಂತಲೇ ಒಂದು ನೀತಿ ತಂತು. ಬೆಳೆಗಾರನಿಗೆ ಮಾರಾಟ ಸುಲಭ ಮಾಡಬೇಕು ಅನ್ನೋ ಮಾತು ಅಲ್ಲಿ ಬಂದಿದ್ದೇ ಹಳೇದು ಸಾಲ್ತಿರಲಿಲ್ಲ ಅನ್ನೋದಕ್ಕೆ ಸಾಕ್ಷಿ.

ನಾವು ಯೋಚನೆ ಮಾಡ್ತಿದ್ದಾಗ ಬೇರೆಯವರು ನೆಡ್ತಿದ್ರು. ಆಸ್ಟ್ರೇಲಿಯಾದ ಉತ್ತರ ಭಾಗದ ಕುನುನುರ ಅನ್ನೋ ಕಡೆ ನಮ್ಮದೇ ಜಾತಿಯ ಶ್ರೀಗಂಧವನ್ನ ಸಾವಿರಾರು ಎಕರೆಯಲ್ಲಿ ಕಂಪನಿಗಳು ಬೆಳೆಸಿದ್ವು. ಅವರದ್ದೂ ಹೂವಿನ ಹಾದಿ ಅಲ್ಲ. ಅಲ್ಲಿನ ದೊಡ್ಡ ಕಂಪನಿ ಕ್ವಿಂಟಿಸ್ 2018ರಲ್ಲಿ ಸಾಲ ತೀರಿಸೋಕಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯ್ತು. ಇತ್ತ ಮೈಸೂರಿನ ಹೆಸರಿನ ಸೋಪಿಗೆ ಗಂಧ ಬೇಕಂದ್ರೆ ನಮ್ಮ ಕಂಪನಿ ಕೇರಳದ ಮರಯೂರಿನ ಹರಾಜಿಗೆ ಹೋಗಿ ಕೂಗುತ್ತೆ.

ಮಾವನ ಪ್ರಶ್ನೆ

ಈ ಎಪಿಸೋಡ್ ಮಾಡೋಕೆ ಕಾರಣ ನನ್ನ ಸೋದರಮಾವ. ಹೋದ ದೀಪಾವಳಿಗೆ ಕೇಳಿದ್ರು: "ಏನಮ್ಮಾ, ಬಿ.ಕಾಂ. ಮಾಡಿದೀಯಲ್ಲ. ಒಂದೆಕರೆಗೆ ಗಂಧ ಹಾಕಿದ್ರೆ ಲಾಭ ಇದೆಯಾ, ಲೆಕ್ಕ ಹಾಕಿ ಹೇಳು. ಯೂಟ್ಯೂಬಲ್ಲಿ ಕೋಟಿ ಅಂತಾರೆ."

ಕೂತು ಹಾಕಿದೆ. ಚೇಗು ಕಟ್ಟೋಕೆ ಹತ್ತು ವರ್ಷ ಬೇಕು, ಒಳ್ಳೆ ಮಾಲಾಗೋಕೆ 15ರಿಂದ 30. ಒಳಗೆ ಎಷ್ಟು ಚೇಗಿದೆ ಅಂತ ಮರ ಕೀಳೋವರೆಗೂ ಖಾತ್ರಿ ಇಲ್ಲ. ಬೆಲೆ ಬಂದ ದಿನದಿಂದ ಕಳ್ಳರ ಕಣ್ಣೂ ಬೀಳುತ್ತೆ. ಬೇಲಿ, ಕ್ಯಾಮೆರಾ, ನಾಯಿ, ಕಾವಲಿನವನ ಸಂಬಳ, ಇದ್ಯಾವುದೂ ಆ ಕೋಟಿಯ ವಿಡಿಯೋದಲ್ಲಿ ಇಲ್ಲ. ಮಾರೋ ದಿನ ದರ ಹೇಳೋನು ಯಾರು ಅನ್ನೋ ಕಾಲಮ್ಮಿಗೆ ಬಂದಾಗ ನನ್ನ ಎಕ್ಸೆಲ್ ಶೀಟ್ ನಿಂತೋಯ್ತು. 30 ವರ್ಷದ ಬೆಳೆಗೆ 30 ವರ್ಷದ ನಂಬಿಕೆ ಬೇಕು. ಅದಕ್ಕೆ ಸೆಲ್ ಇಲ್ಲ.

ಮಾವನಿಗೆ ಹೇಳಿದೆ: ಪೂರ್ತಿ ಎಕರೆ ಬೇಡ. ಬದುವಲ್ಲಿ ತೊಗರಿ ಜೊತೆ ಒಂದಷ್ಟು ಗಿಡ ಹಾಕಿ, ಪಹಣಿಯಲ್ಲಿ ಬರೆಸಿ. ಅಡಿಕೆ ಮನೆ ನಡೆಸಲಿ, ಗಂಧ ಮೊಮ್ಮಕ್ಕಳಿಗಿರಲಿ.

ಮಾಲೀಕತ್ವ ಅಂದ್ರೆ ಪಹಣಿಯಲ್ಲಿ ಹೆಸರಿರೋದು ಅಂತ ನಾವು ಅಂದ್ಕೊಂಡಿರ್ತೀವಿ. ಯಾರಿಗೆ, ಯಾವಾಗ, ಎಷ್ಟಕ್ಕೆ ಮಾರಬೇಕು ಅಂತ ನಾನೇ ಹೇಳೋ ಹಾಗಿದ್ರೆ ಮಾತ್ರ ಅದು ನನ್ನದು. ಕಾಡಿನ ಮರಕ್ಕೆ ಕಾವಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದ ಮರಕ್ಕೆ ಬೇಕಾಗಿರೋದು, ಅದು ಬೆಳೆದ್ರೆ ತನಗೆ ಒಳ್ಳೇದು ಅನ್ನೋ ಒಬ್ಬ ರೈತ.

ಯುಗಾದಿಗೆ ಊರಿಗೆ ಹೋಗಿದ್ದೆ. ಅದೇ ಬೇಲಿಯಲ್ಲಿ, ಹಕ್ಕಿ ಹಾಕಿದ ಬೀಜದಿಂದ ಗೇಣುದ್ದದ ಒಂದು ಗಿಡ ಎದ್ದಿತ್ತು. ಮಾವ ಬಗ್ಗಿದ್ರು. ಕೀಳ್ತಾರೇನೋ ಅಂದ್ಕೊಂಡೆ. ಸುತ್ತ ಇದ್ದ ಹುಲ್ಲು ಕಿತ್ತು, ಒಂದು ಕೋಲು ನೆಟ್ಟು ಮುಂದೆ ಹೋದ್ರು.

ನಿಮ್ಮ ಮನೇಲೂ ಇಂಥ ಮರದ ಕಥೆ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಗಂಧ ಆಗಬೇಕಂತಿಲ್ಲ, ತೇಗ, ಬೀಟೆ, ಹಲಸು ಯಾವುದಾದ್ರೂ ಸರಿ. ಅಜ್ಜ ಅಜ್ಜಿ ಇದ್ರೆ ಅವರ ದನಿಯಲ್ಲೇ ಕಳಿಸಿ, ಇನ್ನೂ ಚೆಂದ. ಮುಂದಿನ ವಾರ ಸಿಗೋಣ. ನಮಸ್ಕಾರ.