ಮೈಸೂರು ವಿಶ್ವವಿದ್ಯಾನಿಲಯ

ಕರ್ನಾಟಕದ ಮೊದಲ ವಿಶ್ವವಿದ್ಯಾನಿಲಯ. 1916ರ ಜುಲೈ 27ರಂದು ಸ್ಥಾಪನೆಯಾಯಿತು. ಬ್ರಿಟಿಷರ ನೇರ ಆಳ್ವಿಕೆಗೆ ಒಳಪಡದ ದೇಶೀ ಸಂಸ್ಥಾನವೊಂದು ಭಾರತದಲ್ಲಿ ಕಟ್ಟಿದ ಮೊದಲ ವಿಶ್ವವಿದ್ಯಾನಿಲಯವೂ ಇದೇ. ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿ, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಬೆನ್ನಿಗೆ ನಿಂತು ಕೆಲಸ ಮುಗಿಸಿದವರು ದಿವಾನ್ ಎಂ. ವಿಶ್ವೇಶ್ವರಯ್ಯ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳನ್ನು ನೆಚ್ಚಿಕೊಂಡು ಶುರುವಾದ ಈ ಸಂಸ್ಥೆಗೆ ಎಸ್. ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ಬಂದರು, ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿ ಬಂದರು. ಮುಂದೆ ಬೆಂಗಳೂರು (1964), ಮಂಗಳೂರು (1980), ಕುವೆಂಪು (1987) ವಿಶ್ವವಿದ್ಯಾನಿಲಯಗಳು ಬೇರೆಯಾದಂತೆ ಇದರ ವ್ಯಾಪ್ತಿ ಕಿರಿದಾಯಿತು.

ಸ್ನಾತಕೋತ್ತರ ವಿಭಾಗಗಳಿರುವುದು ಕುಕ್ಕರಹಳ್ಳಿ ಕೆರೆಯ ಪಕ್ಕದ ಮಾನಸಗಂಗೋತ್ರಿಯಲ್ಲಿ. 1960ರಲ್ಲಿ ರೂಪುಗೊಂಡ ಈ ಆವರಣಕ್ಕೆ ಹೆಸರಿಟ್ಟವರು ಆಗ ಕುಲಪತಿಯಾಗಿದ್ದ ಕುವೆಂಪು. ಆಡಳಿತ ಕಚೇರಿ ಇರುವ ಕ್ರಾಫರ್ಡ್ ಭವನ, ಪದವಿ ತರಗತಿಗಳ ಮಹಾರಾಜ ಮತ್ತು ಯುವರಾಜ ಕಾಲೇಜುಗಳು ಆವರಣದ ಹೊರಗಿವೆ.

ಈ ವಿಶ್ವವಿದ್ಯಾನಿಲಯಕ್ಕೆ ಬರುವ ವಿದ್ಯಾರ್ಥಿ ಮೊದಲು ನೋಡಬೇಕಾದದ್ದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಪ್ರಾಚ್ಯ ಗ್ರಂಥಾಲಯವಾಗಿ ಹುಟ್ಟಿದ್ದರಿಂದ ವಿಶ್ವವಿದ್ಯಾನಿಲಯಕ್ಕಿಂತ ಹಿರಿಯದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ, ಗ್ರಂಥಲಿಪಿಯ ಓಲೆಗರಿ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಇಲ್ಲಿಯೇ. 1909ರಲ್ಲಿ ಅದು ಅಚ್ಚಾಯಿತು. ಕಳೆದುಹೋಯಿತೆಂದೇ ಭಾವಿಸಿದ್ದ ಕೃತಿ ಹೀಗೆ ಕೈಗೆ ಸಿಕ್ಕಮೇಲೆ ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತ ತಿಳಿವಳಿಕೆಯೇ ಬದಲಾಯಿತು. ಇಲ್ಲಿನ ಗರಿಗಳನ್ನು ಇಂದಿಗೂ ಒಂದೊಂದಾಗಿ ಒರೆಸಿ, ಎಣ್ಣೆ ಸವರಿ ಹುಳುವಿನಿಂದ ಕಾಪಾಡುತ್ತಾರೆ. ಹಸ್ತಪ್ರತಿ ಓದುವ ಆಸೆಯಿರುವವರಿಗೆ ಇಂಥ ಅವಕಾಶ ಸುಲಭವಾಗಿ ಬೇರೆಡೆ ಸಿಗದು.

ಕನ್ನಡದ ಮಟ್ಟಿಗಂತೂ ಈ ವಿಶ್ವವಿದ್ಯಾನಿಲಯದ ಋಣ ದೊಡ್ಡದು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆಗಳನ್ನು ಕನ್ನಡದಲ್ಲಿ ಹೇಳಿದ ಪ್ರಚಾರೋಪನ್ಯಾಸಗಳು 1930ರ ದಶಕದಲ್ಲಿ ಆರಂಭವಾದವು. ಅವು ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಅಗ್ಗದ ಪುಸ್ತಿಕೆಗಳಾಗಿ ಮನೆಮನೆ ಸೇರಿದವು. ಇಂಗ್ಲಿಷ್–ಕನ್ನಡ ನಿಘಂಟು, 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ, 1969ರಿಂದ ಹೊರಬಂದ ಕನ್ನಡ ವಿಶ್ವಕೋಶ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಇದೇ ಸಾಲಿನವು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ.

ವಿಜ್ಞಾನದಲ್ಲಿ ಪ್ರಾಣಿಶಾಸ್ತ್ರ ವಿಭಾಗದ ತಳಿವಿಜ್ಞಾನ ಸಂಶೋಧನೆ ಹೆಸರಾಗಿದೆ. ಹಣ್ಣುನೊಣಗಳ ತಳಿ ಸಂಗ್ರಹವನ್ನು ಅಲ್ಲಿ ಸಾಕಿಕೊಂಡು ಬಂದಿದ್ದಾರೆ. ರಸಾಯನವಿಜ್ಞಾನಿ ಸಿ. ಎನ್. ಆರ್. ರಾವ್ ಇಲ್ಲಿನ ಪದವೀಧರರು.

ಸ್ನಾತಕೋತ್ತರ ಪದವಿಗೂ ಪಿಎಚ್.ಡಿ.ಗೂ ಪ್ರವೇಶ ಪರೀಕ್ಷೆಗಳಿವೆ. ಸಂಶೋಧನೆಗೆ ಬರುವವರು ಅರ್ಜಿ ಹಾಕುವ ಮುನ್ನವೇ ತಮ್ಮ ವಿಷಯದ ಮಾರ್ಗದರ್ಶಕರು ಯಾರು, ಬೇಕಾದ ಆಕರಗಳು ಯಾವ ಗ್ರಂಥಾಲಯದಲ್ಲಿವೆ ಎಂದು ವಿಭಾಗದಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.