ಬಾಲ್ ಪೈಥಾನ್: ಆಹಾರ ಮತ್ತು ಉಣಿಸುವ ಕ್ರಮ

ಬಾಲ್ ಪೈಥಾನ್ (ಪೈಥಾನ್ ರೀಜಿಯಸ್) ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು, ಕುರುಚಲು ಕಾಡು, ಹೊಲದಂಚುಗಳಲ್ಲಿ ವಾಸಿಸುವ ವಿಷರಹಿತ ಹೆಬ್ಬಾವು. ಘಾನಾ, ಟೋಗೊ, ಬೆನಿನ್‌ಗಳಿಂದ ದೊಡ್ಡ ಸಂಖ್ಯೆಯಲ್ಲಿ ರಫ್ತಾಗಿ ಅಮೆರಿಕ, ಯೂರೋಪುಗಳ ಮನೆಗಳನ್ನು ಸೇರಿದೆ.

ಕಾಡಿನ ಆಹಾರ: ಹೆಗ್ಗಣ, ಇಲಿ, ಮೂಗಿಲಿ ಮತ್ತು ಹಕ್ಕಿಗಳು. ಆಗ್ನೇಯ ನೈಜೀರಿಯದ ಮಳೆಕಾಡಿನಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಚ್ಚಾಗಿ ಮರ ಹತ್ತುವ ಗಂಡುಗಳೂ ಎಳೆಯ ಹಾವುಗಳೂ ಹಕ್ಕಿಗಳನ್ನು ಹೆಚ್ಚು ತಿನ್ನುತ್ತವೆ. ದೊಡ್ಡ ಹೆಣ್ಣುಗಳ ಬೇಟೆ ಬಹುಪಾಲು ನೆಲದ ಸಸ್ತನಿಗಳು. ಹುಲ್ಲುಗಾವಲಿನಲ್ಲೂ ಹೀಗೆಯೇ ಎಂದು ಹೇಳಲಾಗದು. ತುಟಿಯಂಚಿನ ಕುಳಿಗಳು ಬೇಟೆಯ ಮೈಶಾಖವನ್ನು ಗ್ರಹಿಸುವುದರಿಂದ ಹಾವು ಕತ್ತಲಲ್ಲೂ ಗುರಿ ತಪ್ಪುವುದು ಕಡಿಮೆ. ಮೊಟ್ಟೆಗೆ ಕಾವು ಕೊಡುವ ಸುಮಾರು ಎರಡು ತಿಂಗಳು ಹೆಣ್ಣು ಬಹುತೇಕ ಉಪವಾಸವಿರುತ್ತದೆ.

ಜೀರ್ಣಕ್ರಿಯೆ: ಈ ವಿಷಯದಲ್ಲಿ ಹೆಚ್ಚಿನ ಪ್ರಯೋಗಗಳು ನಡೆದಿರುವುದು ಹತ್ತಿರದ ಸಂಬಂಧಿಯಾದ ಬರ್ಮೀಸ್ ಹೆಬ್ಬಾವಿನ ಮೇಲೆ. ಹಸಿದಿರುವಾಗ ಹಾವಿನ ಕರುಳು ಕುಗ್ಗಿ, ಜಠರದಲ್ಲಿ ಆಮ್ಲ ಹೆಚ್ಚುಕಡಿಮೆ ಇರುವುದೇ ಇಲ್ಲ. ಬೇಟೆ ನುಂಗಿದ ಮೇಲೆ ಒಂದೆರಡು ದಿನಗಳಲ್ಲಿ ಜಠರ ತೀವ್ರ ಆಮ್ಲೀಯವಾಗುತ್ತದೆ, ಕರುಳಿನ ತೂಕ ದುಪ್ಪಟ್ಟಾಗುತ್ತದೆ, ಯಕೃತ್ತು, ಮೂತ್ರಪಿಂಡಗಳೂ ಹಿಗ್ಗುತ್ತವೆ. ತನ್ನ ತೂಕದ ಅರ್ಧಕ್ಕೂ ಹೆಚ್ಚಿನ ಊಟ ನುಂಗಿದ ಹಾವಿನ ಚಯಾಪಚಯ ವಿಶ್ರಾಂತ ಸ್ಥಿತಿಯ 40 ಪಟ್ಟು ಮೀರಿದ್ದನ್ನು ವಿಜ್ಞಾನಿಗಳಾದ ಸ್ಟೀಫನ್ ಸೆಕಾರ್ ಮತ್ತು ಜೇರೆಡ್ ಡೈಮಂಡ್ ದಾಖಲಿಸಿದರು. ಹೃದಯದ ಕುಹರ 48 ಗಂಟೆಗಳಲ್ಲಿ 40 ಪ್ರತಿಶತ ಬೆಳೆಯುತ್ತದೆಂಬ 2005ರ ವರದಿ ಬಹಳ ಪ್ರಸಿದ್ಧ. ಆದರೆ ನಂತರದ ಕೆಲವು ಅಧ್ಯಯನಗಳಲ್ಲಿ ಹೃದಯದ ಕೆಲಸ ಏರಿದ್ದು ಕಂಡಿತೇ ಹೊರತು ಗಾತ್ರ ಹಿಗ್ಗಿದ್ದು ಕಾಣಲಿಲ್ಲ. ಅರಗಿದ ಬಳಿಕ ಹಿಗ್ಗಿದ ಅಂಗಗಳೆಲ್ಲ ಮತ್ತೆ ಕುಗ್ಗುತ್ತವೆ. ಊಟಗಳ ನಡುವಿನ ಬಿಡುವು ಹೆಬ್ಬಾವಿನ ದೇಹರಚನೆಯದೇ ಭಾಗ. ಮಾಲೀಕರಿಗೆ ಅರ್ಥವಾಗದೇ ಉಳಿಯುವುದು ಇದೇ.

ಸಾಕಣೆಯಲ್ಲಿ: ಇಡೀ ಇಲಿಯೇ ಪೂರ್ಣ ಆಹಾರ, ಮೂಳೆಯಿಂದಲೇ ಕ್ಯಾಲ್ಸಿಯಂ ಸಿಗುತ್ತದೆ. ಬರಿಯ ಮಾಂಸದ ತುಂಡು ಸಾಲದು. ಮರಿಗಳಿಗೆ ವಾರಕ್ಕೊಮ್ಮೆ, ದೊಡ್ಡವಕ್ಕೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವುದು ರೂಢಿ. ಇಲಿ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚು ದಪ್ಪವಿರಬಾರದು. ಫ್ರೀಜರಿನ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ಮೆಲ್ಲನೆ ಆಡಿಸಿದರೆ ಹಾವು ಕತ್ತನ್ನು ಎಸ್ ಆಕಾರಕ್ಕೆ ಮಡಚಿ ಎರಗುತ್ತದೆ. ಜೀವಂತ ಇಲಿ ಬೇಡ. ಹಸಿವಿಲ್ಲದ ಹಾವಿನ ಮೈಯನ್ನು ಅದು ಕಚ್ಚಿ ಗಾಯ ಮಾಡಬಲ್ಲದು. ನುಂಗಿದ ಎರಡು ದಿನ ಹಾವನ್ನು ಎತ್ತಾಡಬಾರದು. ಗೂಡಿನ ಬೆಚ್ಚನೆಯ ಬದಿ 31–32 ಡಿಗ್ರಿ ಸೆಲ್ಸಿಯಸ್ ಇರಬೇಕು. ಇಲ್ಲವಾದರೆ ನುಂಗಿದ್ದನ್ನು ಕಕ್ಕಿಬಿಡಬಹುದು.

ಪೊರೆ ಬಿಡುವ ಮುಂಚೆ ಉಪವಾಸ ಸಾಮಾನ್ಯ, ಮಿಲನದ ಋತುವಿನಲ್ಲಿ ಅದು ತಿಂಗಳುಗಟ್ಟಲೆ ಇರಬಹುದು. ತೂಕ ಇಳಿಯದಿದ್ದರೆ ಗಾಬರಿಗೆ ಕಾರಣವಿಲ್ಲ. ಇಳಿದರೆ ಪಶುವೈದ್ಯರನ್ನು ಕಾಣಬೇಕು. ಸಾಕು ಹಾವುಗಳಲ್ಲಿ ಹಸಿವಿಗಿಂತ ಬೊಜ್ಜೇ ಹೆಚ್ಚು ಕಾಣುವ ತೊಂದರೆ.

ಭಾರತದಲ್ಲಿ: ಇಲ್ಲಿ ಹೇಳಿದ ಸಾಕಣೆ ಆಫ್ರಿಕದ ಬಾಲ್ ಪೈಥಾನ್‌ಗೆ ಮಾತ್ರ. ನಮ್ಮ ಕಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅದನ್ನು ಹಿಡಿದು ಸಾಕುವುದು ಶಿಕ್ಷಾರ್ಹ ಅಪರಾಧ.