ಸೇವ್ ಎಂಬ ಲೆಕ್ಕದ ಕಥೆ

ಫ್ಯಾಂಟಸಿ ಬೇಸ್‌ಬಾಲ್ ಆಡೋರನ್ನು ಕೇಳಿ ನೋಡಿ, ನಿಮ್ಮ ತಂಡದಲ್ಲಿ ಅತಿ ಹೆಚ್ಚು ತಲೆನೋವು ಕೊಡೋನು ಯಾರು ಅಂತ. ಹೋಮ್‌ರನ್ ಹೊಡೆಯುವ ದಾಂಡಿಗನ ಹೆಸರು ಬರಲ್ಲ. ಕೊನೆಯ ಇನ್ನಿಂಗ್ಸಿಗೆ ಬಂದು, ಹದಿನೈದಿಪ್ಪತ್ತು ಚೆಂಡು ಎಸೆದು ಹೋಗುವ ರಿಲೀಫ್ ಪಿಚರ್‌ನ ಹೆಸರೇ ಬರುತ್ತೆ. ಈ ತಲೆನೋವಿಗೆ ಅರವತ್ತು ವರ್ಷ ದಾಟಿದ ಇತಿಹಾಸವಿದೆ, ಮತ್ತು ಅದು ಶುರುವಾಗಿದ್ದು ಒಳ್ಳೆಯ ಉದ್ದೇಶದಿಂದಲೇ.

ಕ್ರಿಕೆಟ್ ಮಾತ್ರ ನೋಡಿದವರಿಗೆ ಎರಡು ಮಾತು. ಬೇಸ್‌ಬಾಲಿನಲ್ಲಿ ಪಂದ್ಯಕ್ಕೆ 9 ಇನ್ನಿಂಗ್ಸ್. ಮೊದಲ ಪಿಚರ್ ದಣಿದ ಮೇಲೆ ಬದಲಿ ಪಿಚರ್‌ಗಳು ಒಬ್ಬೊಬ್ಬರಾಗಿ ಬರುತ್ತಾರೆ. ಹೊರಗೆ ಹೋದವನು ಮತ್ತೆ ಬರುವಂತಿಲ್ಲ. ಈ ಬದಲಿಗಳಲ್ಲಿ ಕೊನೆಗೆ ಬಂದು ಬಾಗಿಲು ಹಾಕೋನು ಕ್ಲೋಸರ್. ತಂಡದ ಮುನ್ನಡೆ ಉಳಿಸಿ ಪಂದ್ಯ ಮುಗಿಸಿದರೆ ಅವನ ಖಾತೆಗೆ ಒಂದು ‘ಸೇವ್’.

1959ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರಿಲೀಫ್ ಪಿಚರ್ ಎಲ್‌ರಾಯ್ ಫೇಸ್ 18 ಪಂದ್ಯ ಗೆದ್ದು ಒಂದೇ ಒಂದು ಸೋತ. ಎಲ್ಲರೂ ಹಾಡಿ ಹೊಗಳಿದರು. ಶಿಕಾಗೋದ ಕ್ರೀಡಾ ವರದಿಗಾರ ಜೆರೋಮ್ ಹೋಲ್ಟ್ಸ್‌ಮನ್‌ಗೆ ಮಾತ್ರ ಇದು ಸರಿ ಕಾಣಲಿಲ್ಲ. ಫೇಸ್ ಎಷ್ಟೋ ಸಲ ಮುನ್ನಡೆಯನ್ನು ಕೈಚೆಲ್ಲುತ್ತಿದ್ದ. ಆಮೇಲೆ ಅವನ ತಂಡದ ದಾಂಡಿಗರು ರನ್ ಬಾರಿಸಿ ಗೆಲ್ಲಿಸಿದರೆ, ಗೆಲುವು ಅವನ ಹೆಸರಿಗೇ ಬೀಳುತ್ತಿತ್ತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ. ಅತ್ತ ಶಿಕಾಗೋ ಕಬ್ಸ್‌ನ ಬದಲಿ ಪಿಚರ್‌ಗಳು ಮುನ್ನಡೆ ಕಾಪಾಡಿಕೊಟ್ಟರೂ ಅದನ್ನು ಬರೆಯಲು ಒಂದು ಅಂಕಣವೇ ಇರಲಿಲ್ಲ. ಹಾಗಾಗಿ ಹೋಲ್ಟ್ಸ್‌ಮನ್ ತಾನೇ ಒಂದು ಸೂತ್ರ ಮಾಡಿದರು. 1969ರಲ್ಲಿ ಅದು ಅಧಿಕೃತ ಅಂಕಿಯಾಯಿತು.

ನಿಯಮ ಒಂದೆರಡು ಸಲ ಬದಲಾಗಿ 1975ರಲ್ಲಿ ಈಗಿನ ರೂಪಕ್ಕೆ ಬಂತು. ಮುನ್ನಡೆ ಮೂರು ರನ್ ಮೀರದೆ ಇದ್ದಾಗ ಬಂದು ಒಂದು ಇನ್ನಿಂಗ್ಸ್ ಎಸೆದು ಮುಗಿಸಿದರೆ ಸೇವ್. ಕೊನೆಯ ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆದರೆ ಮುನ್ನಡೆ ಎಷ್ಟಿದ್ದರೂ ಸೇವ್. 2007ರ ಆಗಸ್ಟಿನಲ್ಲಿ ಟೆಕ್ಸಸ್ ರೇಂಜರ್ಸ್ 30-3ರಿಂದ ಬಾಲ್ಟಿಮೋರ್ ತಂಡವನ್ನು ಸೋಲಿಸಿತು. ಆ ಪಂದ್ಯದಲ್ಲೂ ವೆಸ್ ಲಿಟಲ್‌ಟನ್‌ಗೆ ಒಂದು ಸೇವ್ ಸಿಕ್ಕಿತು! 27 ರನ್ ಅಂತರದ ಪಂದ್ಯವನ್ನು ಅದ್ಯಾವ ಅಪಾಯದಿಂದ ಕಾಪಾಡಿದನೋ ದೇವರಿಗೇ ಗೊತ್ತು.

ಇಲ್ಲಿಗೆ ಫ್ಯಾಂಟಸಿ ಬಂತು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಕಾಲ್ಪನಿಕ ತಂಡಗಳ ಲೀಗ್ ಕಟ್ಟಿದರು. ಅವರು ಸೇರುತ್ತಿದ್ದ ಹೋಟೆಲಿನ ಹೆಸರಿನಿಂದ ಅದು ‘ರೋಟಿಸರಿ’ ಆಯಿತು. ಪಿಚಿಂಗ್ ವಿಭಾಗಕ್ಕೆ ನಾಲ್ಕೇ ಅಂಕಿ ಆರಿಸಿಕೊಂಡರು: ಗೆಲುವು, ಸೇವ್, ಬಿಟ್ಟುಕೊಟ್ಟ ರನ್ನುಗಳ ಸರಾಸರಿ (ಅಂದರೆ 9 ಇನ್ನಿಂಗ್ಸಿಗೆ ಎಷ್ಟು ಅಂತ), ಮತ್ತು ಒಂದು ಇನ್ನಿಂಗ್ಸಿಗೆ ಎಷ್ಟು ಜನ ಹಿಟ್ ಅಥವಾ ವಾಕ್ ಪಡೆದರು ಅನ್ನೋ ಲೆಕ್ಕ. ಒಬ್ಬ ವರದಿಗಾರ ನ್ಯಾಯಕ್ಕಾಗಿ ಮಾಡಿದ ಅಂಕಿ ಹೀಗೆ ಪಿಚಿಂಗಿನ ಕಾಲು ಭಾಗವಾಯಿತು.

ಸರಿಯಾಗಿ ಅದೇ ಹೊತ್ತಿಗೆ ನಿಜವಾದ ಆಟವೂ ಬದಲಾಗುತ್ತಿತ್ತು. 1979ರಲ್ಲಿ ಕಬ್ಸ್ ಮ್ಯಾನೇಜರ್ ಹರ್ಮನ್ ಫ್ರ್ಯಾಂಕ್ಸ್, ಬ್ರೂಸ್ ಸಟರ್‌ನನ್ನು ಮುಖ್ಯವಾಗಿ ಮುನ್ನಡೆ ಇದ್ದಾಗಲೇ ಇಳಿಸತೊಡಗಿದರು. 1988ರ ಹೊತ್ತಿಗೆ ಓಕ್ಲೆಂಡ್‌ನಲ್ಲಿ ಟೋನಿ ಲಾ ರೂಸಾ, ಡೆನಿಸ್ ಎಕರ್ಸ್‌ಲಿಯನ್ನು ಹೆಚ್ಚಾಗಿ ಒಂಬತ್ತನೇ ಇನ್ನಿಂಗ್ಸಿಗೆ ಮೀಸಲಿಟ್ಟರು. ಆ ವರ್ಷ ಅವನಿಗೆ 45 ಸೇವ್. ಉಳಿದ ತಂಡಗಳೂ ಅದನ್ನೇ ಹಿಡಿದವು. ಸೇವ್ ಹೆಚ್ಚಾದರೆ ಸಂಬಳ ಹೆಚ್ಚು. ಹೀಗೆ ತಂಡಕ್ಕೊಬ್ಬ ಕ್ಲೋಸರ್, ಸೇವ್‌ಗಳೆಲ್ಲ ಹೆಚ್ಚುಕಡಿಮೆ ಅವನಿಗೇ.

ಫ್ಯಾಂಟಸಿ ಆಡೋನ ಗೋಳು ಇಲ್ಲಿಂದ ಶುರು. ಅವನು ಹಣ ಕೊಟ್ಟು ಕೊಳ್ಳೋದು ಪಿಚರ್‌ನ ಕೈಚಳಕವನ್ನಲ್ಲ, ಕುರ್ಚಿಯನ್ನು. 2007ರಲ್ಲಿ ಕ್ಲೀವ್‌ಲ್ಯಾಂಡ್‌ನ ಜೋ ಬೊರೌಸ್ಕಿಯ ಸರಾಸರಿ 5.07, ಅಂದರೆ ಕಳಪೆ. ಆದರೂ 45 ಸೇವ್‌ಗಳೊಂದಿಗೆ ಅಮೆರಿಕನ್ ಲೀಗಿಗೇ ಮೊದಲಿಗ, ಯಾಕಂದ್ರೆ ಮ್ಯಾನೇಜರ್ ಅವನನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ಅದೇ ತಂಡದ ಎಂಟನೇ ಇನ್ನಿಂಗ್ಸಿನ ಪಿಚರ್ ಎಷ್ಟೇ ಚೆನ್ನಾಗಿ ಎಸೆಯಲಿ, ಸೇವ್ ಸಿಗೋದು ಅಪರೂಪ.

ಕುರ್ಚಿ ಗಟ್ಟಿ ಇದ್ದರೂ ನೆಮ್ಮದಿ ಇಲ್ಲ. ಫಿಲಡೆಲ್ಫಿಯಾದ ಬ್ರ್ಯಾಡ್ ಲಿಜ್ 2008ರಲ್ಲಿ 41 ಅವಕಾಶಕ್ಕೆ 41 ಸೇವ್ ಮಾಡಿದ. ಮರುವರ್ಷ ಅದೇ ತೋಳು, ಅದೇ ತಂಡ. 11 ಪಂದ್ಯದಲ್ಲಿ ಮುನ್ನಡೆ ಕಳೆದ, ಸರಾಸರಿ 7.21ಕ್ಕೆ ಹೋಯಿತು. ಅವನನ್ನು ನಂಬಿ ದುಡ್ಡು ಸುರಿದವರ ಪಾಡು ನೀವೇ ಊಹಿಸಿ.

ಇದಕ್ಕೆ ಕಾರಣ ಸರಳ ಗಣಿತ. ಕ್ಲೋಸರ್ ವರ್ಷಕ್ಕೆ ಎಸೆಯೋದು ಸುಮಾರು 60-70 ಇನ್ನಿಂಗ್ಸ್. 20 ಇನ್ನಿಂಗ್ಸಿಗೆ 5 ರನ್ ಕೊಟ್ಟವನ ಸರಾಸರಿ 2.25. ಒಂದು ಕೆಟ್ಟ ರಾತ್ರಿ, ಒಂದೇ ಇನ್ನಿಂಗ್ಸಿನಲ್ಲಿ ಇನ್ನೂ 5 ರನ್ ಕೊಟ್ಟರೆ ಅದು 4.29. ಇದೇ 2.25ರ ಸರಾಸರಿಯಲ್ಲಿ 100 ಇನ್ನಿಂಗ್ಸ್ ಎಸೆದ ಆರಂಭಿಕ ಪಿಚರ್‌ಗೆ ಅಂಥದೇ ರಾತ್ರಿ ಬಂದರೆ 2.67 ಅಷ್ಟೇ. ಕಡಿಮೆ ಎಸೆಯುವವನ ಒಂದು ತಪ್ಪು ಕಣ್ಣಿಗೆ ರಾಚುತ್ತೆ, ಬೆಳಗಾಗೋದರಲ್ಲಿ ಕೆಲಸವನ್ನೂ ಕಸಿಯುತ್ತೆ.

ಇದೆಲ್ಲ ಬರೀ ಆಟದೊಳಗಿನ ಆಟ ಅಂದ್ಕೊಂಡು ಬಿಡಬಹುದಿತ್ತು, 2016ರ ಅಕ್ಟೋಬರ್ 4 ಬಾರದೇ ಇದ್ದಿದ್ದರೆ. ಬಾಲ್ಟಿಮೋರ್ ಓರಿಯೋಲ್ಸ್‌ನ ಜ್ಯಾಕ್ ಬ್ರಿಟನ್ ಆ ವರ್ಷ 47ಕ್ಕೆ 47 ಸೇವ್ ಮಾಡಿದ್ದ, ಸರಾಸರಿ 0.54. ಸೋತವರು ಮನೆಗೆ ಹೋಗುವ ಪಂದ್ಯ, ಟೊರಾಂಟೋದಲ್ಲಿ. 2-2 ಸಮ, ಹನ್ನೊಂದನೇ ಇನ್ನಿಂಗ್ಸ್. ಮ್ಯಾನೇಜರ್ ಬಕ್ ಶೋಆಲ್ಟರ್ ಬ್ರಿಟನ್‌ನನ್ನು ಇಳಿಸಲಿಲ್ಲ. ಮುನ್ನಡೆ ಸಿಗಲಿ, ಆಗ ಕಾಯಲು ಬೇಕಾಗುತ್ತಾನೆ ಅಂತ ಇಟ್ಟುಕೊಂಡರು. ಎಡ್ವಿನ್ ಎನ್‌ಕಾರ್ನಸಿಯೋನ್ ಮೂರು ರನ್ನಿನ ಹೋಮ್‌ರನ್ ಬಾರಿಸಿದ, ಬಾಲ್ಟಿಮೋರಿನ ವರ್ಷ ಮುಗಿಯಿತು. ಆ ವರ್ಷ ಅಷ್ಟು ಚೆನ್ನಾಗಿ ಎಸೆದ ಪಿಚರ್ ಒಂದು ಚೆಂಡನ್ನೂ ಎಸೆಯದೆ ಕೂತಿದ್ದ.

ಯಾರು ಕೆಲಸ ಮಾಡಿದರು ಎಂದು ಬರೆದಿಡಲು ಹುಟ್ಟಿದ ಅಂಕಿ, ಯಾರು ಯಾವಾಗ ಕೆಲಸ ಮಾಡಬೇಕು ಎಂದು ಆಳತೊಡಗಿತು. ಫ್ಯಾಂಟಸಿ ಲೀಗುಗಳಲ್ಲಿ ಈಗ ಕೆಲವರು ಸೇವ್ ಜೊತೆ ‘ಹೋಲ್ಡ್’ ಸೇರಿಸುತ್ತಾರೆ. ಮುನ್ನಡೆಯನ್ನು ಮುಂದಿನವನ ಕೈಗೆ ಜೋಪಾನವಾಗಿ ದಾಟಿಸಿದವನಿಗೆ 1986ರಿಂದ ಕೊಡುತ್ತಿರುವ ಅಂಕ ಅದು. ಎಂಟನೇ ಇನ್ನಿಂಗ್ಸಿನವನಿಗೂ ಸ್ವಲ್ಪ ನ್ಯಾಯ. ಹೋಲ್ಟ್ಸ್‌ಮನ್ 1959ರಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ?